ಇದು ಯಾವ ಸಾರಿ?

ಇಂಗ್ಲಿಷರು ನಮ್ಮ ಕರಾವಳಿ ಬಿಟ್ಟು ಹೋಗುವಾಗ ಒಂದಷ್ಟು ಕೋಟೆ, ಒಂದಷ್ಟು ಚರ್ಚು, ಲೆಕ್ಕವಿಲ್ಲದಷ್ಟು ಕಾಯಿದೆ ಬಿಟ್ಟುಹೋದರು. ಅವುಗಳಿಂದ ನನಗೇನೂ ತೊಂದರೆಯಾಗಿಲ್ಲ. ನನ್ನ ಸಂಸಾರದ ಬುಡಕ್ಕೆ ಕೊಡಲಿ ಇಟ್ಟದ್ದು ಅವರು ಮರೆತುಹೋದ ಎರಡಕ್ಷರದ ಒಂದು ಪದ. ಸಾರಿ.

ಕಡಲ ತಡಿಯ ನಮ್ಮೂರು ಸಾಲ್ಟ್‌ಪಾಂಡಿನಲ್ಲಿ ಈ ಪದ ಉಪ್ಪಿಗಿಂತ ಅಗ್ಗ. ದಾರಿಯಲ್ಲಿ ಯಾರೋ ಎಡವಿದರೆ ಸಾರಿ. ಸೀನಿದರೆ ಸಾರಿ. ಕೈಯಲ್ಲಿದ್ದ ಮೆಕ್ಕೆಜೋಳದ ಕೆಂಕೆ ಉಂಡೆ ಮಣ್ಣಿಗೆ ಬಿದ್ದರೆ, ಬೀಳಿಸಿದವನು ಬಾಯಿ ತೆರೆಯುವ ಮೊದಲೇ ನೋಡಿದ ಹತ್ತು ಜನರಿಂದ ಹತ್ತು ಸಾರಿ. ಯಾರ ತಪ್ಪೂ ಇರುವುದಿಲ್ಲ. ‘ಅಯ್ಯೋ, ನಿನಗೆ ಹೀಗಾಯ್ತಲ್ಲಪ್ಪ’ ಅನ್ನುವ ಭಾವ, ಅಷ್ಟೆ. ಒಮ್ಮೆ ಲಂಡನ್ನಿನಿಂದ ಬಂದ ಅತಿಥಿಯೊಬ್ಬರು ನಮ್ಮ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ನಾನೂರು ಮಕ್ಕಳು ಏಕಕಂಠದಿಂದ ‘ಸಾರಿ!’ ಎಂದರು. ಇಡೀ ಶಾಲೆ ಒಟ್ಟಾಗಿ ಮೆಟ್ಟಿಲಿಗೆ ಎಣ್ಣೆ ಸವರಿದೆ ಎಂದೇ ಆ ಮಹಾನುಭಾವರು ಕೊನೆಯವರೆಗೂ ನಂಬಿದ್ದರು.

ನಾನು ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇಂಗ್ಲಿಷ್ ಮೇಷ್ಟ್ರು. ಹೆಸರು ಕೋಬಿನಾ ಎಸೆಲ್. ನನ್ನ ಹೆಂಡತಿ ಅರಾಬಾ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಪ್ರೀತಿ ಬಂದಾಗ ನಾನು ಅವಳಿಗೆ ‘ಕೋಬಿನಾ, ನೀನು’. ಸಿಟ್ಟು ಬಂದಾಗ ‘ಟೀಚರ್, ನೀವು’. ನಮ್ಮ ಮನೆಯಲ್ಲಿ ಮರ್ಯಾದೆ ಏರಿದಷ್ಟೂ ಅಪಾಯ ಹತ್ತಿರ.

ಆ ಶುಕ್ರವಾರ ಅವಳಿಗೆ ದೊಡ್ಡ ಕೆಲಸ ಬಂದಿತ್ತು. ಊರಿನ ದೊಡ್ಡ ಮನೆಯೊಂದರಲ್ಲಿ ಅಜ್ಜಿ ತೀರಿಕೊಂಡಿದ್ದರು. ಶನಿವಾರದ ಮಣ್ಣಿಗೆ ಕೆಂಪು ಬಟ್ಟೆ, ಭಾನುವಾರದ ಚರ್ಚಿಗೆ ಬಿಳಿಯ ಮೇಲೆ ಕಪ್ಪು ಹೂವಿನ ಹನ್ನೆರಡು ಗೌನು. ಎಲ್ಲಕ್ಕೂ ಗಂಜಿ ಹಾಕಿ ಹಿತ್ತಲಿನ ಎರಡು ಸಾಲು ಹಗ್ಗಕ್ಕೆ ಹರವಿ, ಗುಂಡಿ ತರಲು ಮಾರ್ಕೆಟ್ಟಿಗೆ ಹೊರಟಳು.

“ಮಳೆ ಬಂದ್ರೆ ಬಟ್ಟೆ ಒಳಗೆ ತಗೋ ಕೋಬಿನಾ. ಮರೀಬೇಡ.”

“ಆಯ್ತು ಆಯ್ತು,” ಎಂದೆ. ನನ್ನ ಮುಂದೆ ಎಪ್ಪತ್ತು ಉತ್ತರಪತ್ರಿಕೆಗಳಿದ್ದವು.

ಮಳೆ ಬಂತು. ನನಗೆ ಕೇಳಿಸಲಿಲ್ಲ. (ಹಾಗೆಂದು ಅವಳಿಗೆ ಹೇಳಿದೆ. ನಿಮಗೂ ಸದ್ಯಕ್ಕೆ ಅದನ್ನೇ ಹೇಳುತ್ತಿದ್ದೇನೆ.) ಅವಳು ತೊಯ್ದು ತೊಪ್ಪೆಯಾಗಿ ಬಂದಾಗ ಮೇಲಿನ ಹಗ್ಗದ ಕೆಂಪೆಲ್ಲ ಕೆಳಗಿನ ಬಿಳಿಯ ಮೇಲೆ ಇಳಿದಿತ್ತು. ಹನ್ನೆರಡು ಗೌನುಗಳೂ ಯಾರನ್ನೋ ಕೊಂದು ಬಂದವರ ಹಾಗೆ ನೇತಾಡುತ್ತಿದ್ದವು.

ನಾನು ಬಾಗಿಲಿಗೆ ಬಂದು, ನೋಡಿ, ನಾಲಿಗೆಯಿಂದ ಲೊಚಗುಟ್ಟಿ ಹೇಳಿದೆ: “ಅಯ್ಯೋ, ಸಾರಿ.”

ಅವಳು ತಿರುಗಿ ನೋಡಿದಳು. “ಇದು ಯಾವ ಸಾರಿ?”

“ಯಾವುದು ಅಂದ್ರೆ?”

“ದಾರೀಲಿ ಎಡವಿದೋರಿಗೆ ಹೇಳ್ತೀವಲ್ಲ, ಆ ಸಾರಿನಾ? ಇಲ್ಲಾ ತಪ್ಪು ಮಾಡಿದೋರು ಹೇಳೋದಾ?”

ಆಗ ನಾನು ತೆಪ್ಪಗೆ ಅವಳ ಕೈಯಿಂದ ಒಂದು ಗೌನು ಇಸಿದುಕೊಂಡಿದ್ದರೆ ಸಾಕಿತ್ತು. ಆದರೆ ಹತ್ತೊಂಬತ್ತು ವರ್ಷದ ಸೇವೆ ನನ್ನ ಗಂಟಲಲ್ಲಿ ಎದ್ದು ನಿಂತಿತು.

“ನೋಡು ಅರಾಬಾ, ಒಳ್ಳೆ ಪ್ರಶ್ನೆ ಕೇಳಿದೆ. ಆ ಪದಕ್ಕೆ ನಾಲ್ಕು ಅರ್ಥ ಇದೆ. ಒಂದು, ಪಶ್ಚಾತ್ತಾಪ. ಎರಡು, ಸಹಾನುಭೂತಿ. ಮೂರು, ಸರಿಯಾಗಿ ಕೇಳಿಸದೇ ಇದ್ದಾಗ ಇನ್ನೊಂದ್ಸಾರಿ ಹೇಳಿ ಅನ್ನೋದಕ್ಕೆ. ನಾಲ್ಕು, ಶೋಚನೀಯವಾದದ್ದು. ಉದಾಹರಣೆಗೆ ಈ ಬಟ್ಟೆಗಳ ಸ್ಥಿತಿ...”

“ಟೀಚರ್,” ಎಂದಳು ಅರಾಬಾ, ಬಹಳ ಮೆತ್ತಗೆ. “ನೀವು ಒಳಗೆ ಹೋಗಿ ಪೇಪರ್ ತಿದ್ದಿ.”

ಬೆಳಿಗ್ಗೆ ಆ ಮನೆಯವರು ಬಂದು ಬೀದಿಯಲ್ಲೇ ನಿಂತು ಅವಳ ಕೈಕೆಲಸವನ್ನೂ ಅವಳ ವಂಶವನ್ನೂ ಬಾಯಿಗೆ ಬಂದಂತೆ ಆಡಿದರು. ಭಾನುವಾರಕ್ಕೆ ಬೇರೆ ಬಟ್ಟೆ ಉಟ್ಟುಕೊಳ್ಳುತ್ತೇವೆ, ನಲವತ್ತನೆಯ ದಿನದ ಪ್ರಾರ್ಥನೆಗಾದರೂ ನಿನ್ನ ಖರ್ಚಿನಲ್ಲೇ ಹೊಸ ಬಟ್ಟೆ ಹಾಕಿ ಹೊಲಿದುಕೊಡು ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನನ್ನ ಹೆಸರು ಎತ್ತಲೇ ಇಲ್ಲ. ಅವರು ಹೋದ ಮೇಲೆ ಒಂದು ಚೀಲ ತುಂಬಿಕೊಂಡು ಟಾಕೊರಾಡಿಯಲ್ಲಿರುವ ಅಕ್ಕನ ಮನೆಗೆ ವ್ಯಾನು ಹತ್ತಿದಳು.

“ಯಾವ ಸಾರಿ ಅಂತ ಗೊತ್ತಾದಾಗ ಹೇಳಿ ಕಳಿಸಿ,” ಎಂದು ಕಿಟಕಿಯಿಂದ ಅಂದಳು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಎರಡೇ: ಅವಳ ಹೊಲಿಗೆ ಮಿಷನ್ನು ಮತ್ತು ನಾನು. ಮಿಷನ್ನು ನಿಂತ ಮೇಲೆ ಗೊತ್ತಾಯಿತು, ಇಷ್ಟು ದಿನ ನಾನು ಮಾತಾಡುತ್ತಿದ್ದದ್ದೆಲ್ಲ ಅದರ ತಾಳಕ್ಕೇ ಎಂದು. ಈಗ ಒಂದು ವಾಕ್ಯ ಶುರು ಮಾಡಿದರೆ ಅದು ಗೋಡೆಯವರೆಗೆ ಹೋಗಿ, ಕೂರಲು ಜಾಗ ಸಿಗದೆ ವಾಪಸು ಬರುತ್ತಿತ್ತು. ಎರಡು ತಟ್ಟೆ ತೆಗೆದು ಒಂದನ್ನು ಒಳಗಿಡುವುದು ದಿನದ ಕೆಲಸವಾಯಿತು. ಮೀನಿನ ಸಾರು ಮಾಡಲು ಹೊರಟೆ. ಅದನ್ನು ನಾಯಿಗೆ ಹಾಕಿದೆ. ನಾಯಿ ನನ್ನ ಮುಖ ನೋಡಿತು. (ಅದಕ್ಕೆ ಮಾತು ಬರುತ್ತಿದ್ದರೆ ಅದೂ ಸಾರಿ ಎನ್ನುತ್ತಿತ್ತು.)

ಏಕೆಂದರೆ ಊರೆಲ್ಲ ಅದನ್ನೇ ಹೇಳುತ್ತಿತ್ತು. ಕೆಂಕೆ ಮಾರುವವಳು ಎಲೆ ಕಟ್ಟುತ್ತ, “ಮೇಷ್ಟ್ರೇ, ಸಾರಿ.” ಪಾದ್ರಿಗಳು ನನ್ನ ಕೈ ಹಿಡಿದು, “ಸಾರಿ.” ಹೆಡ್ಮಾಸ್ತರು, ಪೋಸ್ಟಿನವನು, ಹೆಸರೇ ಗೊತ್ತಿಲ್ಲದ ಮೀನುಗಾರರು, ಎಲ್ಲರೂ ಸಾರಿ ಸಾರಿ ಹೇಳುತ್ತಿದ್ದರು. ಪಕ್ಕದ ಮನೆಯ ಆಂಟಿ ಬೆನ್ಯಿವಾ ಮಾತ್ರ ಗೋಡೆಯಾಚೆಯಿಂದ ನನ್ನನ್ನು ಒಂದು ಥರಾ ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದರು. ನನಗೆ ದಿನಕ್ಕೆ ನಲವತ್ತು ಸಾರಿ ಸಿಗುತ್ತಿದ್ದವು, ಪುಕ್ಕಟೆ. ಅವಳಿಗೆ ಒಂದನ್ನು ಕೊಡಲು ನನ್ನಿಂದ ಆಗಿರಲಿಲ್ಲ.

ಒಂಬತ್ತನೆಯ ದಿನ ನಿಘಂಟು ತೆರೆದೆ. ಕ್ಷಮೆ ಯಾಚಿಸುತ್ತೇನೆ, ವಿಷಾದಿಸುತ್ತೇನೆ, ಪರಿತಪಿಸುತ್ತೇನೆ, ಮನ್ನಿಸು, ದಯೆ ತೋರು... ಇಂಗ್ಲಿಷಿನಲ್ಲಿ ಹದಿನಾಲ್ಕು ಸಮಾನಪದಗಳು ಸಿಕ್ಕವು. ಒಂದನ್ನೂ ಬಿಡದೆ, ಅಲ್ಪವಿರಾಮ ಅರ್ಧವಿರಾಮ ಸಮೇತ, ಮೂರು ಪುಟದ ಪತ್ರ ಬರೆದು ಕಳಿಸಿದೆ. ಓದಿದರೆ ಕಲ್ಲೂ ಕರಗಬೇಕು.

ನಾಲ್ಕು ದಿನಕ್ಕೆ ಉತ್ತರ ಬಂತು. ಅರಾಬಾಳದ್ದಲ್ಲ, ಅವಳ ಭಾವನದ್ದು. ‘ತಮ್ಮಾ, ನಿನ್ನ ಪತ್ರ ಬಹಳ ಚೆನ್ನಾಗಿದೆ. ಅರಾಬಾ ಒಂದು ಪುಟ ಓದಿ ನನ್ನ ಕೈಗೆ ಕೊಟ್ಟಳು. ನಾನೂ ನನ್ನ ಹೆಂಡತಿ ಜೊತೆ ಮಾತು ಬಿಟ್ಟು ವಾರವಾಗಿತ್ತು. ಹೆಸರು ಬದಲಾಯಿಸಿ ನಿನ್ನ ಪತ್ರವನ್ನೇ ಕೊಟ್ಟೆ, ಈಗ ಎಲ್ಲ ಸರಿಹೋಗಿದೆ. ದೇವರು ನಿನಗೆ ಒಳ್ಳೆಯದು ಮಾಡಲಿ.’

ಇನ್ನು ಉಳಿದದ್ದು ಹಿರಿಯರ ದಾರಿ. ನನ್ನ ಸೋದರಮಾವ ಎಬೋ ಅವರನ್ನು ಮುಂದಿಟ್ಟುಕೊಂಡು, ತಪ್ಪು ಒಪ್ಪಿಕೊಳ್ಳಲು ಹೋಗುವವರು ಒಯ್ಯಬೇಕಾದ ಜಿನ್ ಬಾಟಲಿ ಕಂಕುಳಲ್ಲಿ ಹಿಡಿದು ಟಾಕೊರಾಡಿಗೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿದರು. ನಡುವೆ ಅತ್ತೆ, ಪಕ್ಕದಲ್ಲಿ ಅಕ್ಕ ಎಕುವಾ, ತುದಿಯಲ್ಲಿ ಅರಾಬಾ. ಅವಳು ಇಳಿದುಹೋಗಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

ಮಾವ ಎದ್ದು, ಹೆಗಲ ಮೇಲಿನ ವಸ್ತ್ರ ಇಳಿಸಿ, ಗಾದೆಯ ಮೇಲೆ ಗಾದೆ ಪೋಣಿಸಿ ಕಾಲು ಗಂಟೆ ಬೇಡಿಕೊಂಡರು. ಅತ್ತೆಯ ಕಣ್ಣು ಒದ್ದೆಯಾಯಿತು.

“ಪಾಪ, ಅವನೇನು ಬೇಕಂತ ಮಾಡಿದ್ನಾ? ಓದೋ ಬರೆಯೋರಿಗೆ ಹಾಗೇನೇ, ಕಿವಿ ಮುಚ್ಚಿ ಹೋಗಿರುತ್ತೆ. ಮಳೆ ಕೇಳಿಸಿಲ್ಲ, ಅಷ್ಟೇ. ಹೋಗೇ ಅರಾಬಾ, ಗಂಟು ಕಟ್ಟು.”

ಅರಾಬಾ ಹೇಳಿದಳು, “ಮಾವ ಹೇಳಿದ್ದು ನಾನು ಒಪ್ಕೊಂಡೆ ಅಮ್ಮಾ. ಆದ್ರೆ ಮಾವ ನನಗೇನೂ ಮಾಡಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಹದಿನಾಲ್ಕು ಪದಗಳೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಒಂದೂ ಹೊರಗೆ ಬರಲೊಲ್ಲದು. ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಕೊನೆಗೆ ಬಾಯಿಂದ ಬಂದದ್ದು ಬೇರೆಯೇ.

“ಮಳೆ ಕೇಳಿಸಿತ್ತು,” ಎಂದೆ.

ಮಾವ ನನ್ನ ಅಂಗಿ ಜಗ್ಗಿದರು.

“ಕೇಳಿಸಿತ್ತು ಅರಾಬಾ. ಆಂಟಿ ಬೆನ್ಯಿವಾ ಗೋಡೆ ಆಚೆಯಿಂದ ಮೂರು ಸಾರಿ ಕೂಗಿದ್ರು, ಅದೂ ಕೇಳಿಸಿತ್ತು. ಇದೊಂದು ಪೇಪರ್ ಮುಗಿಸಿಬಿಡೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು. ಬಟ್ಟೆ ತಾನೇ ಅಂದ್ಕೊಂಡೆ. ಬೀದೀಲಿ ಅವರು ನಿನ್ನನ್ನ ಬೈತಿದ್ದಾಗ ನಾನು ಬಾಗಿಲ ಹಿಂದೇನೇ ನಿಂತಿದ್ದೆ.”

ಅರಾಬಾ ಹೆಬ್ಬೆರಳಿನ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

“ಗೊತ್ತಿತ್ತು,” ಎಂದಳು. “ಆಂಟಿ ಅವತ್ತೇ ಹೇಳಿದ್ರು.”

“ಮತ್ತೆ ನೀನು ಯಾಕೆ...”

“ನೀನು ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ ಕೋಬಿನಾ.”

ಕೋಬಿನಾ! ನೀನು! ನನ್ನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಆದರೆ ಆ ಕಲ್ಲು ನೆಲಕ್ಕೆ ಬೀಳಲಿಲ್ಲ, ನೇರ ಅತ್ತೆಯ ಕೈ ಸೇರಿತು.

“ಕೇಳಿಸಿತ್ತಾ?” ಅತ್ತೆ ಎದ್ದು ನಿಂತರು. “ಮೂರು ಸಾರಿ ಕೂಗಿದ್ರೂ ಎದ್ದಿಲ್ವಾ? ಎರಡು ವಾರದಿಂದ ನಾನು ಇವನ ಪರ ವಕಾಲತ್ತು ಮಾಡ್ತಾ ಇದ್ದೀನಲ್ಲೇ! ಬಾಗಿಲ ಹಿಂದೆ ನಿಂತಿದ್ನಂತೆ! ಆ ಬಾಟಲಿ ಇಲ್ಲಿ ಕೊಡು. ನೀನು ಇವತ್ತು ಹೋಗ್ತಾ ಇಲ್ಲ. ನಿನ್ನ ಶಾಲೆಗೆ ರಜೆ ತಾನೇ? ಒಳಗೆ ನಡಿ.”

ಒಳಗೆ ಅಕ್ಕನ ಮಿಷನ್ನು, ಹೊಸ ಬಿಳಿ ಬಟ್ಟೆ, ಅರ್ಧ ಮುಗಿದ ಹನ್ನೆರಡು ಗೌನುಗಳು. ಮಾವ ಜಿನ್ನಿನ ಪಕ್ಕದಲ್ಲಿ ಸುಖವಾಗಿ ಕೂತರು. ನನ್ನನ್ನು ಹೆಂಗಸರ ನಡುವೆ ಚಾಪೆಯ ಮೇಲೆ ಕೂರಿಸಿ, ಸೂಜಿ ಮತ್ತು ಗುಂಡಿಗಳ ಡಬ್ಬಿ ಕೊಟ್ಟರು. ಅರಾಬಾ ಮಿಷನ್ನು ತುಳಿಯತೊಡಗಿದಳು. ಎರಡು ವಾರದ ಮೇಲೆ ಆ ಸದ್ದು ಕೇಳಿ ನನಗೆ ಅಳು ಬರುವ ಹಾಗಾಯಿತು. ಬಾಯಿ ಮುಚ್ಚಿಕೊಂಡು, ಒಂದೊಂದು ಗುಂಡಿಗೂ ನನ್ನ ಪಶ್ಚಾತ್ತಾಪವನ್ನೆಲ್ಲ ಸೇರಿಸಿ, ಕಿತ್ತರೂ ಕೀಳದ ಹಾಗೆ ಆರಾರು ಸುತ್ತು ಬಿಗಿದು ಹೊಲಿದೆ. ಬೆರಳಿಗೆ ಏಳು ಕಡೆ ಚುಚ್ಚಿತು. ಸಂಜೆಯ ಹೊತ್ತಿಗೆ ಎಪ್ಪತ್ತೆರಡು ಗುಂಡಿ ಮುಗಿಸಿ ಗೌನುಗಳನ್ನು ಮಡಿಸಿ ಅವಳ ಮುಂದಿಟ್ಟೆ.

ಅರಾಬಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದನ್ನು ಎತ್ತಿದಳು. ಆಮೇಲೆ ಹನ್ನೆರಡನ್ನೂ ಒಂದೊಂದಾಗಿ ತಿರುವಿ ನೋಡಿ, ಬಹಳ ಮೆತ್ತಗೆ ಕೇಳಿದಳು:

“ಟೀಚರ್, ಗುಂಡಿ ಹೊಲಿದಿದ್ದೀರಲ್ಲ, ಮುಂಭಾಗದ ಜೊತೆಗೆ ಬೆನ್ನನ್ನೂ ಸೇರಿಸಿ ಹೊಲಿದಿದ್ದೀರಿ. ಇದರೊಳಗೆ ಜನ ತೂರೋದು ಹೇಗೆ?”