ಗುಡ್ಡದ ಗೋರಿಗಳಿಗೆ ಸಪಾಟು ನೆಲದ ಯಂತ್ರ ಮಾರಿದ ಮಾನ್ಯರಿಗೆ

ಕೇಳಿರಿ, ಮಹಾಜನರೇ! ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಹಿರಿಯರೇ, ಮೇವಿನಂಗಡಿಯ ಬೆಂಚು ಸವೆಸುತ್ತಿರುವ ಗೆಳೆಯರೇ, ಚರ್ಚಿನ ಅಡುಗೆಮನೆಯಲ್ಲಿ ಭಾನುವಾರದ ಊಟಕ್ಕೆ ಕೋಳಿ ಹಸನು ಮಾಡುತ್ತಿರುವ ತಾಯಂದಿರೇ, ಹುಲ್ಲು ಬೆಳೆಯುವ ಅಂಗಳವೊಂದನ್ನು ಇಟ್ಟುಕೊಂಡು ಈ ಕೌಂಟಿಯಲ್ಲಿ ನರಳುತ್ತಿರುವ ಸಮಸ್ತರೇ, ಹತ್ತಿರ ಬನ್ನಿ! ಈ ಪತ್ರ ಬರೆದಿರುವುದು ಒಬ್ಬರಿಗೆ, ಓದಬೇಕಾದವರು ನೀವೆಲ್ಲರೂ. ಆ ಒಬ್ಬರು ಓದುತ್ತಾರೆಂಬ ಭರವಸೆ ನನಗಿಲ್ಲ. ಅವರ ಮಳಿಗೆಗೆ ಪ್ರಶ್ನೆ ಕೇಳುವ ವಿದ್ಯೆ ಚೆನ್ನಾಗಿ ಗೊತ್ತು, ಉತ್ತರ ಕೇಳಿಸಿಕೊಳ್ಳುವ ಕಿವಿ ಮಾತ್ರ ಇನ್ನೂ ಸರಬರಾಜಾಗಿಲ್ಲ.

ಹೆದ್ದಾರಿ ಪಕ್ಕದ ಹುಲ್ಲುಯಂತ್ರಗಳ ಮಹಾಮಳಿಗೆಯ ಘನತೆವೆತ್ತ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಮಳಿಗೆಯ ಮುಂದೆ ಕನ್ನಡಿಯಂತೆ ಹಾಸಿಕೊಂಡಿರುವ ಡಾಂಬರು ಬಯಲಿಗೂ, ಅದರ ಮೇಲೆ ಸಾಲಾಗಿ ನಿಂತು ಬಿಸಿಲು ಕಾಯಿಸಿಕೊಳ್ಳುತ್ತಿರುವ, ಮೇಲೆ ಕುಳಿತು ಹುಲ್ಲು ಕತ್ತರಿಸುವ ಸವಾರಿ ಯಂತ್ರಗಳಿಗೂ ನನ್ನ ಅನಂತ ವಂದನೆಗಳು. ತಮಗೆ ನನ್ನ ನೆನಪಿರಲಾರದು. ನಾನು ಥೀರನ್ ಹಕಬೀ, ಪೂರ್ವ ಕೆಂಟಕಿಯ ಈ ತಿರುವುಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸನ್ನು ಒಮ್ಮೆಯೂ ಚರಂಡಿಗಿಳಿಸದೆ ಓಡಿಸಿ ನಿವೃತ್ತನಾದವನು. ನನ್ನ ಹೆಂಡತಿ ವೆಲ್ಡಾಳ ತವರಿನಿಂದ ಬಂದ ನಾಲ್ಕು ಎಕರೆಯ ಅಂಗಳ ನಮ್ಮದು. ಅದರಲ್ಲಿ ಸಮತಟ್ಟಾದದ್ದೆಂದರೆ ಮನೆ ನಿಂತಿರುವ ಜಾಗ. ಅದೂ ಅನುಮಾನವೇ, ಏಕೆಂದರೆ ಅಡುಗೆಮನೆಯ ನೆಲಕ್ಕೆ ಬಿದ್ದ ಬಟಾಣಿ ಯಾರ ಅಪ್ಪಣೆಯನ್ನೂ ಕೇಳದೆ ಹಿತ್ತಲ ಬಾಗಿಲಿನ ಕಡೆಗೆ ಹೊರಟುಬಿಡುತ್ತದೆ. ಮನೆಯ ಹಿಂದೆ ಆ ಅಂಗಳ ಬಗ್ಗುತ್ತದೆ, ಮಂಡಿಯೂರುತ್ತದೆ, ಇದ್ದಕ್ಕಿದ್ದಂತೆ ಎದ್ದು ಗುಡ್ಡವಾಗಿ ಆಕಾಶಕ್ಕೆ ಎದೆಯೊಡ್ಡುತ್ತದೆ. ಆ ಗುಡ್ಡದ ಹೆಗಲ ಮೇಲೆ ವೆಲ್ಡಾಳ ವಂಶದ, ಅಂದರೆ ಸ್ಪರ್‌ಲಾಕ್ ಮನೆತನದ, ಮೂವತ್ತೇಳು ಗೋರಿಗಳಿವೆ.

ಮೇ ತಿಂಗಳ ಕೊನೆಯ ಭಾನುವಾರ ಗೋರಿಗಳಿಗೆ ಹೂವಿಡುವ ದಿನ. ಎಲ್ಲೆಲ್ಲೋ ಚದುರಿದ ಸ್ಪರ್‌ಲಾಕರೆಲ್ಲ ಕಾಫಿ ಡಬ್ಬಿಗಳಲ್ಲಿ ಪಿಯೋನಿ ಹೂಗಳನ್ನು ಹಿಡಿದು ಗುಡ್ಡ ಹತ್ತುತ್ತಾರೆ, ಹಾಡುತ್ತಾರೆ, ಅಳುತ್ತಾರೆ, ಆಮೇಲೆ ಕೆಳಗಿಳಿದು ಕರಿದ ಕೋಳಿ ತಿನ್ನುತ್ತಾರೆ. ಆ ದಿನ ಗೋರಿಯ ಹುಲ್ಲು ಕಣಕಾಲು ದಾಟಿದ್ದರೆ ಸತ್ತವರಿಗೆ ಅವಮಾನ, ಬದುಕಿರುವವರಿಗೆ ವರ್ಷವಿಡೀ ಆಡಿಕೊಳ್ಳಲು ಮಾತು.

ಈ ಗೋರಿಗಳ ಏಕಚಕ್ರಾಧಿಪತಿ ವೆಲ್ಡಾಳ ಸೋದರತ್ತೆ, ಎಂಬತ್ತೊಂಬತ್ತು ವರ್ಷದ ಲೋಡೀಮಾ ಅತ್ತೆ. ಅವರ ಕಾನೂನು ಸರಳವಾಗಿದೆ. ಸ್ಪರ್‌ಲಾಕ್ ಆಗಿ ಹುಟ್ಟಿದವರಿಗೆ ಅಲ್ಲಿ ಜಾಗ ಕೇಳಿದರೆ ಸಾಕು, ಸಿಗುತ್ತದೆ. ಮದುವೆಯಾಗಿ ಬಂದವರು ಇಪ್ಪತ್ತೈದು ವರ್ಷ, ಒಂದೂ ತಪ್ಪದಂತೆ, ಹೂವಿಡುವ ದಿನಕ್ಕೆ ಮುನ್ನ ಅಷ್ಟೂ ಗೋರಿಗಳ ಹುಲ್ಲು ಕತ್ತರಿಸಿ ಸಂಪಾದಿಸಬೇಕು. ಇದು ನನ್ನ ಇಪ್ಪತ್ತೈದನೆಯ ವರ್ಷ. ವೆಲ್ಡಾ ಮಲಗಲಿರುವ ಜಾಗದ ಪಕ್ಕದಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿದೆ. ಅದರ ಮೇಲೆ ಕಣ್ಣಿಟ್ಟು ಕುಳಿತಿರುವವನು ಅವಳ ಚಿಕ್ಕಪ್ಪನ ಮಗ ಆರ್ವಿಲ್. ಆ ಗುಡ್ಡದಲ್ಲಿ ಅವನು ಇದುವರೆಗೆ ಒಂದು ಕಳೆ ಕಿತ್ತಿಲ್ಲ, ಆದರೆ ಸ್ಪರ್‌ಲಾಕ್ ಆಗಿ ಹುಟ್ಟುವ ಶ್ರಮವನ್ನು ತೆಗೆದುಕೊಂಡಿದ್ದಾನೆ. ನಲವತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಹೆಂಡತಿಯ ಪಕ್ಕದಲ್ಲಿ ಕೊನೆಗೆ ಆರ್ವಿಲ್ ಮಲಗುವುದೇ? ಇದು, ಮಾನ್ಯರೇ, ನಾನು ತಮ್ಮ ಮಳಿಗೆಯ ಗಾಜಿನ ಬಾಗಿಲು ತಳ್ಳಿದಾಗ ನನ್ನ ಎದೆಯಲ್ಲಿದ್ದ ಸಂಗತಿ.

ನನ್ನ ಹಳೆಯ ಯಂತ್ರ ಏಪ್ರಿಲಿನಲ್ಲಿ ಪ್ರಾಣ ಬಿಟ್ಟಿತ್ತು. ತಮ್ಮ ಮಾರಾಟಗಾರರಾದ ಶ್ರೀ ಕಿಪ್ ವೆಂಡ್ಲಿಂಗ್ ಅವರು ಇಂಡಿಯಾನಾದ ಸಪಾಟು ಬಯಲಿನಲ್ಲಿ ಹುಟ್ಟಿ, ಇಳಿಜಾರು ಎಂಬುದನ್ನು ಬಹುಶಃ ಚಿತ್ರಗಳಲ್ಲಿ ಮಾತ್ರ ಕಂಡವರು. ಅವರು ನನ್ನ ಕೈಕುಲುಕಿ, ಜಗತ್ತಿನ ಸಕಲ ಜ್ಞಾನವನ್ನೂ ಎರಡು ಪದಗಳಲ್ಲಿ ಅಡಗಿಸಿ ಕೇಳಿದರು: "ಎಷ್ಟು ಎಕರೆ?"

"ನಾಲ್ಕು," ಎಂದೆ.

"ನೆಲ ಹೇಗಿದೆ ಸರ್, ಸಮ ಇದೆ ತಾನೆ?"

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ನಾನು ನ್ಯಾಯವಂತ. ಈ ಗುಡ್ಡಗಾಡಿನ ಗಂಡಸು ತನ್ನ ಅಂಗಳ ಕಡಿದಾಗಿದೆ ಎಂದು ಹೊರಗಿನವರ ಮುಂದೆ ಜನ್ಮದಲ್ಲಿ ಹೇಳಲಾರ. ನನ್ನ ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜೋಳ ಬಿತ್ತುತ್ತಿದ್ದ ಹೊಲವನ್ನೂ "ಸ್ವಲ್ಪ ಏರಿಳಿತ" ಎಂದೇ ಕರೆಯುತ್ತಿದ್ದ. ನನ್ನ ಬಾಯಿಂದಲೂ ಅದೇ ಬಂತು: "ಸ್ವಲ್ಪ ಏರಿಳಿತ ಇದೆ." ಕೆಂಟಕಿಯಲ್ಲಿ ಹುಟ್ಟಿದ ಯಾವ ಮಾರಾಟಗಾರನಾದರೂ ಆ ಮಾತು ಕೇಳಿದೊಡನೆ ಟೋಪಿ ತೆಗೆದು, ನನಗಾಗಿ ಎರಡು ನಿಮಿಷ ಪ್ರಾರ್ಥಿಸಿ, ಮೂಲೆಯಲ್ಲಿ ನಿಂತಿದ್ದ ಆ ಭಾರವಾದ, ದಪ್ಪ ಗಾಲಿಯ, ಹುಲ್ಲು ಕತ್ತರಿಸುವ ಕುಳ್ಳ ಟ್ರ್ಯಾಕ್ಟರಿನ ಬಳಿಗೆ ಕರೆದೊಯ್ಯುತ್ತಿದ್ದ. ಶ್ರೀ ವೆಂಡ್ಲಿಂಗ್ ಅವರು ನನ್ನ ಮಾತನ್ನು ಅಕ್ಷರಶಃ ನಂಬಿದರು! ಆಹಾ, ಎಂಥ ಶುದ್ಧ ಹೃದಯ! ನಾನೇ ಆ ಟ್ರ್ಯಾಕ್ಟರಿನ ಕಡೆ ಒಂದು ಹೆಜ್ಜೆ ಇಟ್ಟಾಗ ಅವರು ನನ್ನ ತೋಳು ಹಿಡಿದು ಹೇಳಿದರು: "ಅದ್ಯಾಕೆ ಸರ್? ಅದು ವಯಸ್ಸಾದೋರ ಗಾಡಿ. ನೀವಿನ್ನೂ ಗಟ್ಟಿಮುಟ್ಟಾಗಿದೀರಿ. ಬನ್ನಿ, ಇದನ್ನ ನೋಡಿ."

ಅರವತ್ತೆಂಟು ವರ್ಷದ ನಾನು ಗಟ್ಟಿಮುಟ್ಟಾದವನ ನಡಿಗೆಯಲ್ಲಿ ಅವರ ಹಿಂದೆ ನಡೆದೆ.

ಅವರು ತೋರಿಸಿದ ಯಂತ್ರದ ಸೌಂದರ್ಯವನ್ನು ವರ್ಣಿಸಲು ನನ್ನ ನಾಲಿಗೆ ಸಾಲದು. ಸ್ಟಿಯರಿಂಗ್ ಇಲ್ಲ, ಅಂಥ ಹಳೆಯ ಕಾಲದ ಹೊರೆಯಿಂದ ತಾವು ಮನುಕುಲವನ್ನು ಬಿಡುಗಡೆ ಮಾಡಿದ್ದೀರಿ. ಎರಡು ಸನ್ನೆಕೋಲುಗಳು, ನಿಂತಲ್ಲೇ ಬುಗುರಿಯಂತೆ ತಿರುಗುವ ದೇಹ, ಮುಂದೆ ಅಂಗಡಿಯ ತಳ್ಳುಗಾಡಿಗೆ ಇರುವಂಥ ಎರಡು ಪುಟಾಣಿ ಗಾಲಿಗಳು, ಬಿಷಪ್ಪರ ಪೀಠವನ್ನು ನಾಚಿಸುವ ಆಸನ, ಬಲಗೈ ಬಳಿ ಕಾಫಿ ಲೋಟ ಇಡಲು ಒಂದು ಗೂಡು. ತಮ್ಮ ಡಾಂಬರು ಬಯಲಿನಲ್ಲಿ ಮೂರು ಕಿತ್ತಳೆ ಬಣ್ಣದ ಶಂಕುಗಳ ಸುತ್ತ ನಾನು ಅದನ್ನು ಓಡಿಸಿದೆ. ಅದು ಹಂಸದಂತೆ ತೇಲಿತು. ಶಂಕುಗಳು ನನ್ನನ್ನು ಮೆಚ್ಚಿದವು. ಶ್ರೀ ವೆಂಡ್ಲಿಂಗ್ ಚಪ್ಪಾಳೆ ತಟ್ಟಿದರು. ಡಾಂಬರಿನಲ್ಲಿ ಬೆಳೆಯುವ ಹುಲ್ಲನ್ನು ಕತ್ತರಿಸಲು ಅದಕ್ಕಿಂತ ಶ್ರೇಷ್ಠವಾದ ಯಂತ್ರ ಈ ಭೂಮಂಡಲದಲ್ಲಿ ಇಲ್ಲವೆಂದು ನಾನು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಲು ಸಿದ್ಧ.

ಯಂತ್ರ ಮನೆಗೆ ಬಂದ ಮೇಲೆ ಅದರ ಕೈಪಿಡಿಯನ್ನು ವೆಲ್ಡಾ ಓದಿದಳು. ನಮ್ಮ ಮನೆಯಲ್ಲಿ ಕೊಳ್ಳುವುದು ನಾನು, ಓದುವುದು ಅವಳು. ಕೊನೆಯ ಪುಟದಲ್ಲಿ, ಇರುವೆಗಳಿಗೆ ಅನುಕೂಲವಾಗುವ ಅಕ್ಷರಗಳಲ್ಲಿ, ಹದಿನೈದು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಓಡಿಸಬಾರದೆಂದು ತಾವು ಅಚ್ಚು ಹಾಕಿಸಿದ್ದೀರಿ. ಇಳಿಜಾರನ್ನು ಅಳೆದು ನೋಡಲೆಂದು ಮಡಚುವ ಗೆರೆಗಳುಳ್ಳ ಒಂದು ಚಿತ್ರವನ್ನೂ ಕರುಣಿಸಿದ್ದೀರಿ. ಅವಳು ಆ ಕಾಗದ ಮಡಚಿ, ಒಂದು ಕಣ್ಣು ಮುಚ್ಚಿ, ಗುಡ್ಡಕ್ಕೆ ಹಿಡಿದಳು.

"ಥೀರನ್, ಇಲ್ಲಿ ಬಾ. ಇದು ಆಗಲ್ಲ."

"ಎಷ್ಟು ತೋರಿಸ್ತಿದೆ? ಒಂದೆರಡು ಹೆಚ್ಚಿರಬಹುದು ಅಷ್ಟೆ. ಸ್ವಲ್ಪ ಏರಿಳಿತ."

"ಎಷ್ಟು ಅಂತ ಹೇಳೋದು? ಕಾಗದದಲ್ಲಿ ಗೆರೆ ಮುಗೀತು, ಗುಡ್ಡ ಮುಗೀಲಿಲ್ಲ. ವಾಪಸ್ ಕೊಟ್ಟು ಆ ಕುಳ್ಳ ಟ್ರ್ಯಾಕ್ಟರ್ ತಗೊಂಬಾ."

"ಅದು ವಯಸ್ಸಾದೋರ ಗಾಡಿ."

"ನಿನ್ನ ವಯಸ್ಸು ಆ ಅಂಗಡಿಯೋನಿಗೆ ಗೊತ್ತಿಲ್ಲದೇ ಇರಬಹುದು, ಥೀರನ್. ನಿನ್ನ ಮಂಡಿಗೆ ಗೊತ್ತು."

ಮೊನ್ನೆ ಬುಧವಾರ ಬೆಳಿಗ್ಗೆ, ಇಬ್ಬನಿ ಆರುವ ಮುನ್ನವೇ, ನಾನು ಬಳಸುದಾರಿಯಿಂದ ಯಂತ್ರವನ್ನು ಗುಡ್ಡಕ್ಕೆ ಹತ್ತಿಸಿದೆ. ಮೇಲಿನ ಸಾಲಿನ ಹನ್ನೊಂದು ಗೋರಿಗಳು ಕೊಂಚ ಸಮ ನೆಲದಲ್ಲಿವೆ. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹನ್ನೆರಡನೆಯದಕ್ಕೆ ತಿರುಗಿದೆ. ಮಾನ್ಯರೇ, ತಮ್ಮ ಯಂತ್ರವನ್ನು ಹಿಡಿದು ನಿಲ್ಲಿಸುವುದು ಹಿಂದಿನ ಎರಡು ಗಾಲಿಗಳು ಮಾತ್ರ. ಅವು ಒದ್ದೆ ಹುಲ್ಲಿನ ಮೇಲೆ ಹಿಡಿತ ಬಿಟ್ಟ ಕ್ಷಣದಲ್ಲಿ ಮುಂದಿನ ಪುಟಾಣಿ ಗಾಲಿಗಳು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಅತ್ತಿತ್ತ ನೋಡತೊಡಗಿದವು. ನಾನು ಎರಡೂ ಸನ್ನೆಕೋಲುಗಳನ್ನು ಎದೆಗೆ ಎಳೆದುಕೊಂಡೆ. ಯಂತ್ರ ನನ್ನ ಅಭಿಪ್ರಾಯವನ್ನು ಗೌರವದಿಂದ ಆಲಿಸಿ, ಅಡ್ಡಡ್ಡಲಾಗಿ ಇಳಿಯಲು ತೀರ್ಮಾನಿಸಿತು. ಐವತ್ತು ವರ್ಷ ಸಂಸಾರ ಮಾಡಿ ಅಕ್ಕಪಕ್ಕ ಮಲಗಿರುವ ವೆಲ್ಡಾಳ ಅಜ್ಜ ಅಜ್ಜಿಯ ಕಲ್ಲುಗಳ ನಡುವೆ, ಯಾವ ಮಗುವೂ ಬರಲು ಧೈರ್ಯ ಮಾಡದಿದ್ದ ಜಾಗದಲ್ಲಿ, ನಾವಿಬ್ಬರೂ ಹಾದುಹೋದೆವು. ಒಂದು ಕಲ್ಲಿಗೂ ತಾಗಲಿಲ್ಲ. ಅದು ದೇವರ ದಯೆ, ತಮ್ಮದಲ್ಲ. ಬ್ಲ್ಯಾಕ್‌ಬೆರಿ ಪೊದೆಯ ಬಳಿ ನಾನು ಆ ಪೀಠವನ್ನು ತ್ಯಜಿಸಿದೆ. ಯಂತ್ರ ಒಂಟಿಯಾಗಿ ಪ್ರಯಾಣ ಮುಂದುವರಿಸಿ ಹಳ್ಳಕ್ಕಿಳಿದು ಕುಳಿತಿತು.

ತನ್ನ ಮನೆಯ ಜಗಲಿಯಿಂದ ಆರ್ವಿಲ್ ಎಲ್ಲವನ್ನೂ ನೋಡುತ್ತಿದ್ದ. "ಥೀರನ್! ಬದುಕಿದೀಯಾ?"

"ಬದುಕಿದೀನಿ!"

"ಛೇ, ಹೋಗಲಿ ಬಿಡು. ಕಾಫಿ ಚೆಲ್ಲಿತಾ?"

ಹೋಗಿ ನೋಡಿದೆ. ಚೆಲ್ಲಿರಲಿಲ್ಲ. ಆ ಗೂಡನ್ನು ಮಾಡಿದ ಎಂಜಿನಿಯರ್ ಮಹಾಶಯನಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಇಡೀ ಯಂತ್ರದಲ್ಲಿ ಇಳಿಜಾರಿನ ಬಗ್ಗೆ ಯೋಚಿಸಿದ ಏಕೈಕ ವ್ಯಕ್ತಿ ಅವನು.

ಪಕ್ಕೆಗೆ ಪಟ್ಟಿ ಸುತ್ತಿಕೊಂಡು ತಮ್ಮ ಮಳಿಗೆಗೆ ಫೋನು ಮಾಡಿದೆ. ಜೇನಿನಂಥ ದನಿಯ ಮಹಿಳೆಯೊಬ್ಬರು ನನ್ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಕೇಳಿ, ನಿಟ್ಟುಸಿರು ಬಿಟ್ಟು, "ತುಂಬಾ ಬೇಜಾರಾಯ್ತು ಸರ್. ನಿಮ್ಮದು ಒಟ್ಟು ಎಷ್ಟು ಎಕರೆ?" ಎಂದರು. ಹಳ್ಳಕ್ಕೆ ಬಿದ್ದದ್ದು ವಾರಂಟಿಗೆ ಬರುವುದಿಲ್ಲವೆಂದೂ, ಆದರೆ ಇದಕ್ಕಿಂತ ಅಗಲವಾದ ಇನ್ನೊಂದು ಮಾದರಿ ಬಂದಿದೆಯೆಂದೂ, ಅದರಲ್ಲಿ ಲೋಟಕ್ಕೆ ಎರಡು ಗೂಡುಗಳಿವೆಯೆಂದೂ ತಿಳಿಸಿದರು.

ಆದಕಾರಣ ಪೂಜ್ಯರಾದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಏನೆಂದರೆ, ಯಂತ್ರಕ್ಕೆ ತಕ್ಕ ನೆಲವನ್ನು ತಾವೇ ಒದಗಿಸಿಕೊಡಬೇಕು. ತಮ್ಮ ಬಳಿ ಬುಲ್ಡೋಜರ್ ಇದ್ದರೆ, ಹೂವಿಡುವ ಈ ಭಾನುವಾರ ಬೆಳಿಗ್ಗೆ ಹತ್ತರೊಳಗೆ ಈ ಗುಡ್ಡವನ್ನು ಮಲಗಿಸಿ. ಮೇಲಿರುವ ಮೂವತ್ತೇಳು ಮಂದಿ ಏಳದಂತೆ ಮೆಲ್ಲಗೆ. ಅದು ಕಷ್ಟವಾದರೆ ಶ್ರೀ ವೆಂಡ್ಲಿಂಗ್ ಅವರನ್ನು ಕಳುಹಿಸಿ, ಅವರನ್ನು ಯಂತ್ರದ ಗುಡ್ಡದ ಕಡೆಯ ಪಕ್ಕಕ್ಕೆ ಕಟ್ಟಿ ತೂಕ ಸರಿದೂಗಿಸುತ್ತೇನೆ. ಅದೂ ಆಗದಿದ್ದರೆ ಸ್ಪರ್‌ಲಾಕ್ ವಂಶದ ಹಿರಿಯರನ್ನೆಲ್ಲ ತಮ್ಮ ಡಾಂಬರು ಬಯಲಿಗೆ ಸ್ಥಳಾಂತರಿಸಿಕೊಳ್ಳಿ. ಶಂಕುಗಳು ಹೇಗೂ ಇವೆ, ಗುರುತಿಗಾಯಿತು. ಇಷ್ಟರಲ್ಲಿ ಯಾವುದೂ ಬೇಡವೆಂದರೆ ತಮ್ಮ ಮಾರಾಟಗಾರರಿಗೆ ಇನ್ನೊಂದು ಪ್ರಶ್ನೆ ಕಲಿಸಿ. ಎಕರೆ ಕೇಳಿದ ಮೇಲೆ, ಒಂದೇ ಒಂದು ಸಲ, ಬಂದ ಗಿರಾಕಿಯ ಬೂಟನ್ನು ನೋಡಲು ಹೇಳಿ. ನಮ್ಮ ಬೂಟುಗಳು ಒಂದೇ ಬದಿಗೆ ಸವೆದಿರುತ್ತವೆ, ಮಾನ್ಯರೇ. ನಾವು ಬಾಯಲ್ಲಿ ಹೇಳದ್ದನ್ನು ಅವು ಹೇಳುತ್ತವೆ.

ಗುರುವಾರವಿಡೀ ಮಳೆ ಸುರಿಯಿತು. ಇಂದು ಶುಕ್ರವಾರ. ಇಪ್ಪತ್ತಾರು ಗೋರಿಗಳ ಹುಲ್ಲು ಮೊಣಕಾಲೆತ್ತರ ನಿಂತಿದೆ.

ತಮ್ಮ ಡಾಂಬರು ಎಂದೆಂದಿಗೂ ಸಪಾಟಾಗಿರಲಿ ಎಂದು ಹಾರೈಸುವ,
ತಮ್ಮ ವಿಶ್ವಾಸಿ,
ಥೀರನ್ ಹಕಬೀ

ಮರೆತ ಮಾತು: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಲೋಡೀಮಾ ಅತ್ತೆ ಬಂದರು. ಊರುಗೋಲು ಊರಿಕೊಂಡು ಹಳ್ಳದ ದಂಡೆಯವರೆಗೂ ಹೋಗಿ, ತಮ್ಮ ಮಳಿಗೆಯ ಆ ಯಂತ್ರವನ್ನು ಬಹಳ ಹೊತ್ತು ನೋಡಿದರು. ಅವರ ಹಿಂದೆಯೇ ಆರ್ವಿಲ್, ಮದುವೆಗೆ ಹೊರಟವನಂತೆ ತಲೆ ಬಾಚಿಕೊಂಡು. "ಅತ್ತೆ, ಈ ವರ್ಷ ಇವನ ಕೈಲಿ ಆಗಲ್ಲ. ಕಾನೂನು ಕಾನೂನೇ ಅಲ್ವಾ?" ಎಂದ. ಅತ್ತೆ ಅವನ ಕಡೆ ತಿರುಗಲಿಲ್ಲ. "ಭಾನುವಾರ ಹತ್ತು ಗಂಟೆ ತನಕ ಟೈಮಿದೆ," ಎಂದರು ನನಗೆ. "ಅಷ್ಟೂ ಮುಗಿಸಿದ್ರೆ ಜಾಗ ನಿಂದು. ಮುಗಿಸಕ್ಕೆ ಹೋಗಿ ಉರುಳಿ ಸತ್ತರೂ ನಿಂದೇ. ನಮ್ಮ ಗೋರಿ ಹುಲ್ಲು ಕತ್ತರಿಸ್ತಾ ಸತ್ತೋನನ್ನ ಬೇರೆ ಕಡೆ ಹೂಳೋಕೆ ನನಗೆ ಮುಖ ಇಲ್ಲ. ಕೈಚೆಲ್ಲಿ ಕೂತೆಯೋ, ಆರ್ವಿಲ್‌ಗೆ ಹೋಗುತ್ತೆ."

ಹೀಗಾಗಿ ನಾಳೆ ಬೆಳಿಗ್ಗೆ ಆರು ಗಂಟೆಗೆ ನಾನು ಗುಡ್ಡ ಹತ್ತುತ್ತೇನೆ. ಪಾದ್ರಿಯವರ ತಳ್ಳುವ ಯಂತ್ರವನ್ನು ಎರವಲು ತಂದಿದ್ದೇನೆ. ಅದಕ್ಕೆ ಆಸನವಿಲ್ಲ, ಗೂಡಿಲ್ಲ, ಯಾವ ಅಹಂಕಾರವೂ ಇಲ್ಲ. ಅದರ ಹಿಡಿಗೆ ಹಗ್ಗ ಕಟ್ಟಿ ಮೇಲಿನಿಂದ ಇಳಿಬಿಡುವುದು, ಮತ್ತೆ ಎಳೆದುಕೊಳ್ಳುವುದು, ಮತ್ತೆ ಇಳಿಬಿಡುವುದು, ಇಪ್ಪತ್ತಾರು ಗೋರಿ ಮುಗಿಯುವ ತನಕ. ವೆಲ್ಡಾ ಇನ್ನೊಂದು ಹಗ್ಗ ತಂದು ಈಗಲೇ ನನ್ನ ಸೊಂಟಕ್ಕೆ ಅಳತೆ ನೋಡುತ್ತಿದ್ದಾಳೆ. ಅದರ ತುದಿಯನ್ನು ಮೇಲೆ ಕುಳಿತು ತಾನೇ ಹಿಡಿಯುತ್ತಾಳಂತೆ. ಬೇಡವೆಂದರೆ ಕೇಳುತ್ತಿಲ್ಲ. "ಜಾಗ ಸಿಕ್ಕೇ ಸಿಗುತ್ತೆ ಅಂತ ಅತ್ತೆ ಹೇಳಾಯ್ತಲ್ಲ," ಎನ್ನುತ್ತಾಳೆ. "ನಾಳೆನೇ ಬೇಕು ಅಂತ ನಾನು ಹೇಳಿಲ್ಲ."