ಹೊಟ್ಟೆಯ ಕಾವು

ನನ್ನ ಹೊಟ್ಟೆಯ ಬಗ್ಗೆ ಈ ಮನೆಯಲ್ಲಿ ಯಾರಾದರೂ ಒಂದು ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ. ಬಾಗಿಲಲ್ಲಿ ಎದುರಾದರೆ ನನ್ನವಳು, "ಮೊದ್ಲು ಅದು ಹೋಗ್ಲಿ, ಹಿಂದೆ ನೀವು ಹೋಗಿ" ಎಂದು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾಳೆ. ಹೀಗಿರುವಾಗ ಒಂದು ಭಾನುವಾರ ಮಾವನವರು ಅದನ್ನೇ ದಿಟ್ಟಿಸಿ, "ಎಂಥಾ ಹೊಟ್ಟೆ ಅಳಿಯಂದ್ರೇ ನಿಮ್ದು!" ಅಂದಾಗ ನನಗೆ ಕಣ್ಣು ತುಂಬಿ ಬಂತು.

ವಿಷಯ ಇಷ್ಟೆ. ನಮ್ಮ ಜೊತೆಗೇ ಇರುವ ಮಾವನವರಿಗೆ ತಮ್ಮ ಹಳೆಯ ಕೋಟಿನ ಜೇಬಿನಲ್ಲಿ ಒಂದಿಷ್ಟು ಕುಂಬಳದ ಬೀಜ ಸಿಕ್ಕಿತ್ತು. ಅತ್ತೆಯವರು ಬೆಳೆಸುತ್ತಿದ್ದ ತಳಿ. ಅವರು ಹೋದಮೇಲೆ ಆ ಬಳ್ಳಿಯೂ ಹೋಗಿತ್ತು. ಮಾವನವರು ಆಸೆ ತಡೆಯಲಾರದೆ ಅದರಲ್ಲಿ ಅರ್ಧದಷ್ಟನ್ನು ನೇರ ಕುಂಡಕ್ಕೆ ಹಾಕಿ, ದಿನವೂ ಅದರ ಮುಂದೆ ಕೂತು ಕಾದು, ಕಡೆಗೆ ಕೊಳೆತದ್ದನ್ನು ತಮ್ಮ ಕೈಯಾರೆ ತೆಗೆದು ಎಸೆದರು. ಆವತ್ತು ಅವರು ಊಟಕ್ಕೆ ಏಳಲಿಲ್ಲ.

"ಉಳಿದ ಬೀಜ ಸತ್ತಿಲ್ಲ ಅಳಿಯಂದ್ರೇ, ಗಾಢ ನಿದ್ದೇಲಿದೆ. ಒದ್ದೆ ಬಟ್ಟೇಲಿ ಸುತ್ತಿ, ಮೈಕಾವು ಕೊಟ್ಟು ಎಬ್ಬಿಸ್ಬೇಕು. ನನ್ನ ಮೈ ತಣ್ಣಗೆ. ಇವಳೋ ಕಡ್ಡಿ. ನಿಮ್ದಾದ್ರೆ..."

"ಒಲೆ," ಎಂದು ನನ್ನವಳು ವಾಕ್ಯ ಪೂರ್ತಿ ಮಾಡಿದಳು.

ಹೀಗೆ ನಾನು, ಒಂದು ಕನ್ನಡಕದ ಅಂಗಡಿಯ ಘನತೆವೆತ್ತ ನೌಕರ, ಗರ್ಭ ಧರಿಸಿದೆ. ಬೀಜದ ಗಂಟನ್ನು ಹೊಟ್ಟೆಗೆ ಕಟ್ಟಿ, ಮೇಲೆ ಅಂಗಿ ತೊಡಿಸಿ ನನ್ನವಳು ಕಟ್ಟಪ್ಪಣೆ ಹೊರಡಿಸಿದಳು. ಬಸ್ಸು ಹತ್ತುವ ಹಾಗಿಲ್ಲ, ನೂಕುನುಗ್ಗಲಲ್ಲಿ ಬೀಜ ಜಜ್ಜಿಹೋಗುತ್ತದೆ. ಕರಿದದ್ದು ತಿನ್ನುವ ಹಾಗಿಲ್ಲ, ಹೊಟ್ಟೆ ಉಬ್ಬರಿಸುತ್ತದೆ.

"ಊಟ ಆದ್ಮೇಲೆ ಒಂದು ಗಳಿಗೆ ಸೋಫಾ ಮೇಲೆ..."

"ಮಗ್ಗುಲಾದ್ರೆ ಗಂಟು ಜಾರತ್ತೆ. ಅಮ್ಮನ ಬೀಜ ರೀ ಅದು!"

ಬಿಚ್ಚಿ ನೋಡುವುದಂತೂ ಮಹಾಪರಾಧ, ಬೆಳಕು ಸೋಕಬಾರದಂತೆ. ಪ್ರತಿ ಬೆಳಿಗ್ಗೆ ಅವಳೇ ಗಂಟನ್ನು ಕತ್ತಲೆ ಉಗ್ರಾಣಕ್ಕೆ ಒಯ್ದು, ಬಟ್ಟೆ ನೆನೆಸಿ ತಂದು ಕಟ್ಟುತ್ತಿದ್ದಳು.

ಅಂಗಡಿಯಲ್ಲಿ ನನ್ನ ಮಾನ ಉಳಿಯಲಿಲ್ಲ. ಒಬ್ಬ ಅಜ್ಜಿಗೆ ಹೊಸ ಗಾಜು ಕೂರಿಸಿ, "ಆ ಕೆಳಗಿನ ಸಣ್ಣಕ್ಷರ ಓದಿ ಅಜ್ಜಿ" ಅಂದೆ. ಅಜ್ಜಿ ಫಲಕದ ಕಡೆ ತಿರುಗಲೇ ಇಲ್ಲ. "ಕನ್ನಡಕ ಚೆನ್ನಾಗಿದೆ ಕಣಪ್ಪ. ನಿನ್ನ ಅಂಗಿ ಒದ್ದೆಯಾಗಿರೋದು ಸ್ಪಷ್ಟವಾಗಿ ಕಾಣ್ತಿದೆ. ವೈದ್ಯರಿಗೆ ತೋರಿಸ್ಕೊಂಡ್ಯಾ?" ಅಂದಳು.

ಆದರೂ ನಿಜ ಹೇಳುತ್ತೇನೆ, ಬರಬರುತ್ತಾ ಆ ಗಂಟಿನ ಮೇಲೆ ನನಗೆ ಮಮತೆ ಹುಟ್ಟಿತು. ನಡೆದು ಬರುವಾಗ ಅದರ ಮೇಲೆ ಕೈಯಿಟ್ಟುಕೊಂಡು, "ಏಳು ಮರಿ, ಮಾವನವರು ಕಾಯ್ತಿದ್ದಾರೆ" ಎಂದು ಗುಟ್ಟಾಗಿ ಹೇಳುತ್ತಿದ್ದೆ. (ನೀವು ನಗಬಹುದು. ಹೊತ್ತವರಿಗೇ ಗೊತ್ತು.) ತಿಂಗಳು ಕಳೆದು ಮತ್ತೊಂದು ಹಿಡಿಯಿತು. ಮೊಳಕೆಯ ಸುದ್ದಿಯೇ ಇಲ್ಲ. ಕೇಳಿದರೆ ಅಪ್ಪ-ಮಗಳು ಮುಖ ಮುಖ ನೋಡಿಕೊಂಡು, "ಇನ್ನೂ ಸ್ವಲ್ಪ ಕಾವು ಬೇಕು" ಎನ್ನುತ್ತಿದ್ದರು.

ಒಂದು ಸಂಜೆ, ಒದ್ದೆ ಅಂಗಿಯನ್ನು ಒಣಹಾಕೋಣವೆಂದು ಮಹಡಿ ಹತ್ತಿದೆ. ಎಷ್ಟೋ ಕಾಲದಿಂದ ನಾನು ಆ ಮೆಟ್ಟಿಲಿನ ತಂಟೆಗೇ ಹೋದವನಲ್ಲ, ಅರ್ಧಕ್ಕೇ ಏದುಸಿರು ಬರುತ್ತಿತ್ತು. ಈಗ ಸರಸರನೆ ಮೇಲೆ ಹೋಗಿಬಿಟ್ಟೆ. ನೋಡಿದರೆ ನೀರಿನ ಟ್ಯಾಂಕಿನ ಮೇಲೆಲ್ಲ ಹಬ್ಬಿದ ಕುಂಬಳದ ಬಳ್ಳಿ! ಹಳದಿ ಹೂವು, ಅಂಗೈಯಗಲದ ಎಲೆ. ಪಕ್ಕದಲ್ಲಿ ಮಾವನವರು ಸ್ಟೂಲ್ ಹಾಕಿಕೊಂಡು ಕೂತು ಎಲೆ ಸವರುತ್ತಿದ್ದರು.

"ಅವಳದೇ ಬಳ್ಳಿ ಅಳಿಯಂದ್ರೇ. ಎಲೆ ಮೇಲಿನ ಈ ಬಿಳಿ ಮಚ್ಚೆ ನೋಡಿ," ಅಂದರು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಟ್ಟೆ ಮುಟ್ಟಿ ನೋಡಿಕೊಂಡೆ. ಗಂಟು ಅಲ್ಲೇ ಇತ್ತು.

"ಏನೇ ಇದು?" ಎಂದು ಕೂಗಿದೆ. ನನ್ನವಳು ಬಟ್ಟೆಯ ಬುಟ್ಟಿ ಹಿಡಿದು ಮೇಲೆ ಬಂದಳು.

"ಮೊದಲ್ನೇ ವಾರದಲ್ಲೇ ಮೊಳಕೆ ಬಂತು ರೀ. ನಿಮ್ಮ ಕಾವೇ ಕಾವು."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಡಿಯೋದು ಬಿಟ್ಟು, ಬಜ್ಜಿ ಹಿಡ್ಕೊಂಡು ಸೋಫಾ ಮೇಲೆ ಬೀಳ್ತಿದ್ರಿ. ಅಪ್ಪಂಗೆ ಬಳ್ಳಿ ಸಿಕ್ತು, ನಂಗೆ ಗಂಡ ಉಳೀಲಿ ಅಂತ ಸುಮ್ನಿದ್ದೆ."

ಮಾವನವರು ಹೂವಿನ ಹಿಂದೆ ಮುಖ ಮರೆಸಿಕೊಂಡರು.

"ಹಾಗಾದ್ರೆ ಇಷ್ಟು ದಿನ ನಾನು ಜೋಪಾನ ಮಾಡಿದ್ದೇನು?" ಎಂದು ಗಂಟನ್ನು ಕಿತ್ತು ಬಿಚ್ಚಿದೆ. ಅಂಗೈ ತುಂಬ ಗುಂಡಿಗಳು! ಬಿಳಿಯವು, ನೀಲಿಯವು, ಕಂದು ಬಣ್ಣದವು. ಈ ಹೊಟ್ಟೆಯ ದೆಸೆಯಿಂದ ವರ್ಷಗಟ್ಟಲೆ ನನ್ನ ಅಂಗಿಗಳಿಂದ ಸಿಡಿದುಬಿದ್ದವುಗಳನ್ನು ಅವಳು ಹೆಕ್ಕಿ ಡಬ್ಬಿಯಲ್ಲಿ ಹಾಕಿಟ್ಟಿದ್ದಳಂತೆ. ನಾನು "ಏಳು ಮರಿ" ಎಂದು ಮುದ್ದು ಮಾಡಿದ್ದು ಇವನ್ನು.

ಬಯ್ಯಲು ಬಾಯಿ ತೆರೆದೆ. ಅವಳು ಅಂಗೈ ಚಾಚಿದಳು.

"ಕೊಡಿ ಇಲ್ಲಿ. ಈಗ ಹೊಲಿದ್ರೆ ನಿಲ್ತವೆ."