ಆನೆ ಕೇಕಿಗೆ ಚಾಕು

ಪರರಾಜ್ಯದಲ್ಲಿ ಸಂಸಾರ ಹೂಡಿದವರಿಗೆ ಎಲ್ಲವನ್ನೂ ಕೇಳಿ ಮಾಡುವ ಚಟ ಅಂಟಿಕೊಳ್ಳುತ್ತದೆ. ಆಮೇಲೆ ಪೇಚಾಡುವುದಕ್ಕಿಂತ ಮೊದಲೇ ವಿಚಾರಿಸುವುದು ವಾಸಿ ಎಂದು ನಂಬಿದವಳು ನಾನು. ಆದರೆ ಕೇಳಬೇಕೆಂದೇ ಹೊಳೆಯದ ಸಂಗತಿಯನ್ನು ಕೇಳುವುದು ಹೇಗೆ? ತೊಂಬತ್ತರ ದಶಕದ ಒಂದು ಏಪ್ರಿಲ್ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಆಗ ನಾವು ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿದ್ದೆವು. ಮಗಳು ಮೇಘಾಳಿಗೆ ಏಳು ತುಂಬುವುದರಲ್ಲಿತ್ತು. ಆನೆಯಾಕಾರದ ಕೇಕ್ ಬೇಕೆಂದಳು. ಮತ್ತು ಅದನ್ನು ಪಕ್ಕದ ಮನೆಯ ನಿರಾಲಿ ತಿನ್ನಲೇಬೇಕು. ನಿರಾಲಿ ಜೈನರ ಹುಡುಗಿ. ಯಾರ ಹುಟ್ಟುಹಬ್ಬಕ್ಕೆ ಹೋದರೂ ಉಳಿದ ಮಕ್ಕಳು ಕೇಕ್ ತಿನ್ನುವಾಗ ಅವಳೊಬ್ಬಳು ಮಂಡಕ್ಕಿಯ ಬಟ್ಟಲು ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. "ನಮ್ಮನೇಲಿ ಅವಳೂ ಖಾಯೇಗಿ, ಅಮ್ಮಾ. ನಾನು ಪ್ರಾಮಿಸ್ ಮಾಡ್ಬಿಟ್ಟಿದೀನಿ" ಎಂದು ಮೇಘಾ ತನ್ನ ಕಿಚಡಿ ಕನ್ನಡದಲ್ಲಿ ಹೇಳಿದಳು. ಮಕ್ಕಳು ಕೊಟ್ಟ ಮಾತನ್ನು ಉಳಿಸಬೇಕಾದವರು ತಾಯಂದಿರೇ ತಾನೆ.

ನಿರಾಲಿಯ ಅಜ್ಜಿಯನ್ನು ಇಡೀ ಕ್ವಾರ್ಟರ್ಸೇ 'ಬಾ' ಎಂದು ಕರೆಯುತ್ತಿತ್ತು. ಅವರನ್ನು ನಾನು ಕೇಳದ ಪ್ರಶ್ನೆಯಿಲ್ಲ. ಮೊಟ್ಟೆ ಹಾಕುವುದಿಲ್ಲ, ಮಂದಹಾಲಿನ ಡಬ್ಬಿ ತಂದಿದ್ದೇನೆ, ನೋಡಿ ಎಂದು ಡಬ್ಬಿಯನ್ನೇ ತೋರಿಸಿದೆ. ಹಿಂದೊಮ್ಮೆ ಮೊಟ್ಟೆ ಕಂಡಿದ್ದ ನಮ್ಮ ಓವನ್ ಬೇಡವೆಂದು, ಅವರು ಹಾಂಡ್ವೊ ಎಂಬ ಬೇಳೆಹಿಟ್ಟಿನ ಖಾರದ ತಿಂಡಿ ಬೇಯಿಸುವ ಗುಂಡಗಿನ ಅಲ್ಯೂಮಿನಿಯಂ ಓವನ್ನನ್ನೇ ಎರವಲು ತಂದೆ. ಕತ್ತಲಾದ ಮೇಲೆ ಅವರು ಉಣ್ಣುವುದಿಲ್ಲವೆಂದು ಸಮಾರಂಭವನ್ನು ಬಿಸಿಲಿರುವಾಗಲೇ ಇಟ್ಟುಕೊಂಡೆ. ಆಲೂಗಡ್ಡೆ, ಈರುಳ್ಳಿ ಅಡುಗೆಮನೆಯ ಹತ್ತಿರವೂ ಸುಳಿಯಲಿಲ್ಲ. ಇಷ್ಟು ಮಡಿಯಲ್ಲಿ ನಮ್ಮತ್ತೆ ಶ್ರಾದ್ಧದ ಅಡುಗೆಯನ್ನೂ ಮಾಡಿರಲಾರರು.

ಒಂದು ದುಂಡು ಕೇಕ್ ಮುಖವಾಯಿತು. ಇನ್ನೊಂದರಿಂದ ಎರಡು ಕಿವಿ, ಮೂರನೆಯದನ್ನು ಕೆತ್ತಿ ಸೊಂಡಿಲು. ಬೂದಿ ಬಣ್ಣದ ಐಸಿಂಗ್ ಮಕ್ಕಳಿಗೆ ರುಚಿಸದೆಂದು ಗುಲಾಬಿ ಬಣ್ಣ ಬಳಿದು, ಒಣದ್ರಾಕ್ಷಿಯ ಕಣ್ಣಿಟ್ಟೆ. ಕಣ್ಣಿಟ್ಟದ್ದೇ ಇಟ್ಟದ್ದು, ಅದು ನನ್ನನ್ನೇ ನೋಡತೊಡಗಿತು. ಮಧ್ಯಾಹ್ನ ಆಫೀಸಿನಿಂದ ಬೇಗ ಬಂದ ಯಜಮಾನರು ಸುತ್ತಲೂ ನಡೆದು ಪರಿಶೀಲಿಸಿ, "ಯಾಕೇ, ನಿನ್ನ ಆನೆ ನಾಚ್ಕೊಂಡಿದೆ?" ಎಂದರು. ಸೃಷ್ಟಿಕರ್ತರು ಟೀಕೆಗೆ ಉತ್ತರಿಸುವುದಿಲ್ಲ.

ಮಕ್ಕಳು ಬರುವ ಮೊದಲು ಬಾ ಬಂದರು. ಕೇಕನ್ನು ಬಹಳ ಹೊತ್ತು ನೋಡಿ ಕೈಮುಗಿದರು. ನನ್ನ ಎದೆ ಉಬ್ಬಿತು.

"ಬಹಳ ಸುಂದರವಾಗಿದೆ, ಬೆನ್. ಆದರೆ ನಿರಾಲಿ ತಿನ್ನುವುದಿಲ್ಲ" ಎಂದರು ತಮ್ಮ ಗುಜರಾತಿಯಲ್ಲಿ.

"ಮೊಟ್ಟೆ ಇಲ್ಲ, ಬಾ!" ಎಂದೆ ನನ್ನ ಹಿಂದಿಯಲ್ಲಿ.

"ಮೊಟ್ಟೆ ಇಲ್ಲ, ಗೊತ್ತು. ಆನೆ ಇದೆಯಲ್ಲ."

ಜೀವಿಯ ಆಕಾರ ಮಾಡಿ, ಅದಕ್ಕೆ ಚಾಕು ಹಾಕಿ, ಆನೆ ತಿಂದೆ ಎಂದು ಮಗು ನಕ್ಕರೆ ಮನಸ್ಸಿನಲ್ಲಿ ಹಿಂಸೆ ಆದಂತೆಯೇ ಎಂದು ಅವರು ಸಮಾಧಾನವಾಗಿ ವಿವರಿಸಿದರು. "ನಿಮ್ಮ ಮನೆ, ನೀವು ಕತ್ತರಿಸಿ. ನಮ್ಮವಳು ಹಾಡಿ ಹೋಗುತ್ತಾಳೆ." ಯಜಮಾನರು ಮಧ್ಯೆ ಬಾಯಿ ಹಾಕಿ, ನಮ್ಮಲ್ಲಿ ಗಣಪತಿಯನ್ನು ಬಿಡುವ ಮೊದಲು ಉತ್ತರಕ್ಕೆ ಸ್ವಲ್ಪ ಕದಲಿಸುತ್ತೇವೆ, ತಟ್ಟೆಯನ್ನು ಹಾಗೆ ಸರಿಸಿದರೆ ಸಾಲದೇ ಎಂದು ಕೇಳಿದರು. "ಅದು ದೇವರು, ಭಾಯಿ. ಕದಲಿಸಿದರೆ ಹೋಗುತ್ತಾನೆ. ಆನೆ ಎಲ್ಲಿಗೆ ಹೋಗುತ್ತೆ?" ಎಂದರು ಬಾ.

ಬಾಗಿಲಲ್ಲಿ ಹೊಸ ಫ್ರಾಕು ತೊಟ್ಟು ನಿಂತಿದ್ದ ಮೇಘಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆನೆಯನ್ನು ನೋಡಿದಳು, ಪಕ್ಕದ ಮನೆಯ ಬಾಗಿಲನ್ನು ನೋಡಿದಳು. "ಹಾಗಾದ್ರೆ ಹಾಥಿನ ಕಾಟೋದೇ ಬೇಡ" ಎಂದಳು.

ನನಗೆ ಸಿಂಕಿನ ಪಕ್ಕದ ಪಾತ್ರೆ ನೆನಪಾಯಿತು. ಕಿವಿ, ಸೊಂಡಿಲು ಕೆತ್ತುವಾಗ ಉದುರಿದ ಚೂರುಗಳೆಲ್ಲ ಅದರಲ್ಲಿದ್ದವು. ತಂದು ಮುಂದಿಟ್ಟೆ. ಬಾ ಕನ್ನಡಕ ಏರಿಸಿ, "ಇದು ಯಾವುದರ ಭಾಗ?" ಎಂದರು.

"ಯಾವುದರದ್ದೂ ಅಲ್ಲ, ಬಾ. ಆನೆಯಾಗದೆ ಉಳಿದದ್ದು."

ಅವರು ಯೋಚಿಸಿದರು. "ಚಾಲ್ಸೆ" ಎಂದರು ಕೊನೆಗೆ. ನಡೆಯುತ್ತದೆ!

ಚೂರುಗಳನ್ನು ತಟ್ಟೆಗೆ ಒತ್ತಿ, ಮಿಕ್ಕ ಐಸಿಂಗ್ ಬಳಿದು, ಯಾವ ಪ್ರಾಣಿಯನ್ನೂ ಹೋಲದಂತೆ ಎಚ್ಚರದಿಂದ ತಟ್ಟಿದೆ. ಮೇಘಾ ಅದನ್ನೇ ಕತ್ತರಿಸಿ ಮೊದಲ ತುಂಡನ್ನು ನಿರಾಲಿಯ ಬಾಯಿಗಿಟ್ಟು, ಅವಳ ಮುಖವನ್ನೇ ನೋಡುತ್ತ ನಿಂತಳು. ನಿರಾಲಿ ಗಂಭೀರವಾಗಿ ಅಗಿದು, ಮತ್ತೆ ಬಾಯಿ ತೆರೆದಳು. ಮಂಡಕ್ಕಿ ಬಟ್ಟಲನ್ನು ಅಂದು ಯಾರೂ ಕೇಳಲಿಲ್ಲ. ಆನೆ ಮೇಜಿನ ತುದಿಯಲ್ಲಿ ಅತಿಥಿಯಂತೆ ಕುಳಿತು ಎಲ್ಲವನ್ನೂ ನೋಡಿತು.

ಮರುದಿನ ಫ್ರಿಜ್ಜು ತೆರೆದರೆ ಅದೇ ಕಣ್ಣು. "ಕತ್ತರಿಸೇ, ನಾವೇನು ಜೈನರಾ?" ಎಂದರು ಯಜಮಾನರು. ನೀವೇ ಕತ್ತರಿಸಿ ಎಂದು ಚಾಕು ಕೊಟ್ಟೆ. ಅವರು ಆನೆಯ ಮುಖ ನೋಡಿ, ಡಾಕ್ಟರು ಸಿಹಿ ಬೇಡ ಅಂದಿದ್ದಾರೆ ಎಂದು ನೆನಪಿಸಿಕೊಂಡರು. ಅಲ್ಲಿಗೆ ಆನೆಗೆ ನಮ್ಮ ಮನೆಯಲ್ಲಿ ಅಭಯ ಸಿಕ್ಕಂತಾಯಿತು. ಆದರೆ ಮಧ್ಯಾಹ್ನ ಎಲ್ಲರೂ ಹೊರಗೆ ಹೋದಾಗ ನಾನು ತಟ್ಟೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಕಿವಿಯ ಹಿಂದಿನಿಂದ ಒಂದು ಚಮಚ ತೆಗೆದೆ. ಚಾಕು ಮುಟ್ಟಿಸಲಿಲ್ಲ, ಆ ಮಟ್ಟಿಗೆ ನಾನು ಅಹಿಂಸಾವಾದಿಯೇ. ಹೀಗೆ ಕೆಲವು ಮಧ್ಯಾಹ್ನಗಳು ಕಳೆದವು.

ಒಂದು ಸಂಜೆ ನೀರಿನ ಬಾಟಲಿಗೆಂದು ಫ್ರಿಜ್ಜು ತೆರೆದ ಯಜಮಾನರು ಹಾಗೇ ನಿಂತರು.

"ಏನೇ, ಆನೆ ಬಡವಾಗಿದೆ?"

"ಬೇಸಿಗೆ ಅಲ್ವಾ" ಎಂದೆ.